ಎಡಕ್ಕೆ ತಿರುಗಿಸಿದರೆ

ಪೂರ್ತಿ ಕೆಟ್ಟುಹೋದ ಯಂತ್ರದಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಅರೆಬರೆ ಕೆಟ್ಟದ್ದು ಬೇಕು. ನೇರ ದಾರಿಯಲ್ಲಿ ಸರಾಗವಾಗಿ ಓಡಿ, ಎಡಕ್ಕೆ ತಿರುಗಿಸಿದ ಕೂಡಲೇ ಗಕ್ಕನೆ ನಿಂತುಬಿಡುವ ಸ್ನೋಮೊಬೈಲನ್ನು ಯಾರಾದರೂ ತಂದು ಗ್ಯಾರೇಜಿನ ಮುಂದೆ ಇಳಿಸಿದರೆ ಆ ಶನಿವಾರ ನನ್ನ ಪಾಲಿಗೆ ಹಬ್ಬ.

ಉತ್ತರ ಮಿನ್ನೆಸೋಟದಲ್ಲಿ ಇಂಥ ಹಬ್ಬಕ್ಕೆ ಬರವಿಲ್ಲ. ಹಿಮದ ಮೇಲೋಡುವ ಈ ಬಂಡಿಗಳ ತವರುಗಳಲ್ಲಿ ಇದೂ ಒಂದು. ಕೃಷಿ ಸಲಕರಣೆ ಮಾಡುತ್ತಿದ್ದ ರೋಸೋ ಊರಿನ ಪೋಲಾರಿಸ್‌ನವರು 1950ರ ದಶಕದ ಮಧ್ಯದಲ್ಲಿ ತಮ್ಮ ಮೊದಲ ಬಂಡಿ ಕಟ್ಟಿದರು. ಅವರಲ್ಲೊಬ್ಬರಾದ ಎಡ್ಗರ್ ಹೆಟೀನ್ 1960ರಲ್ಲಿ ಅಲಾಸ್ಕದ ಹಿಮದಲ್ಲಿ ಸಾವಿರ ಮೈಲಿಗೂ ಮಿಕ್ಕಿ ಬಂಡಿ ಓಡಿಸಿ ಬಂದರು. ಆಮೇಲೆ ಕಂಪನಿ ಬಿಟ್ಟು ಥೀಫ್ ರಿವರ್ ಫಾಲ್ಸ್‌ನಲ್ಲಿ ಇನ್ನೊಂದನ್ನು ಕಟ್ಟಿದರು. ಅದೇ ಆರ್ಕ್ಟಿಕ್ ಕ್ಯಾಟ್ ಆಯಿತು. ಹೀಗಾಗಿ ಇಲ್ಲಿ ಯಾವ ಕೊಟ್ಟಿಗೆಯ ಬಾಗಿಲು ತೆಗೆದರೂ ಮೂಲೆಯಲ್ಲೊಂದು ಹಳೆಯ ಬಂಡಿ, ಅದರೊಳಗೆ ಬೇಸಿಗೆಯಿಡೀ ಸಂಸಾರ ಹೂಡಿದ ಇಲಿ.

ಹಳೆಯ ಟೂ-ಸ್ಟ್ರೋಕ್ ಬಂಡಿಗಳಲ್ಲಿ ಎಷ್ಟೋ ಬಂಡಿಗಳಿಗೆ ಬ್ಯಾಟರಿಯೇ ಇಲ್ಲ. ಹಗ್ಗ ಜಗ್ಗಿದರೆ ಫ್ಲೈವೀಲ್ ತಿರುಗಿ ಅದರ ಅಯಸ್ಕಾಂತಗಳು ಸ್ಟೇಟರಿನ ಸುರುಳಿಗಳಲ್ಲಿ ಕರೆಂಟು ಹುಟ್ಟಿಸುತ್ತವೆ. ಸಿಡಿಐ ಡಬ್ಬಿ ಅದನ್ನು ಕೂಡಿಟ್ಟುಕೊಂಡು ತಕ್ಕ ಗಳಿಗೆಯಲ್ಲಿ ಕಾಯಿಲಿಗೆ ಬಿಡುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಇಷ್ಟು ಸರಳ. ನನಗೆ ರುಚಿಸುವುದು ಎಂಜಿನ್ ನಿಲ್ಲಿಸುವ ಏರ್ಪಾಡು. ಮನೆಯ ಸ್ವಿಚ್ಚು ಕೂಡಿಕೊಂಡರೆ ದೀಪ ಹತ್ತುತ್ತದೆ. ಈ ಬಂಡಿಗಳಲ್ಲಿ ಹೆಚ್ಚಿನವುಗಳ ಲೆಕ್ಕ ಉಲ್ಟಾ: ಕೀಲಿ ತಿರುಗಿಸಿ ಆಫ್ ಮಾಡಿದಾಗ ಕಿಡಿ ನಿಲ್ಲಿಸಲೆಂದೇ ಇರುವ ಕಿಲ್ ವೈರು ಅರ್ತಿಗೆ, ಅಂದರೆ ಬಂಡಿಯ ಕಬ್ಬಿಣಕ್ಕೆ, ಕೂಡುತ್ತದೆ, ಕಿಡಿ ಸಾಯುತ್ತದೆ. ಹಾಗಾಗಿ ಇಲಿ ಆ ವೈರನ್ನು ಪೂರ್ತಿ ಕತ್ತರಿಸಿದರೆ ಎಂಜಿನ್ ನಿಲ್ಲುವುದೇ ಇಲ್ಲ, ಚೋಕ್ ಎಳೆದು ಉಸಿರುಗಟ್ಟಿಸಬೇಕು. ಬರೀ ಸಿಪ್ಪೆ ತಿಂದು, ಬೆತ್ತಲಾದ ತಾಮ್ರ ಕಬ್ಬಿಣಕ್ಕೆ ತಾಗಿದರೋ, ಬಂಡಿ ಸ್ಟಾರ್ಟೇ ಆಗುವುದಿಲ್ಲ. ಇಲಿಗೆ ಎಷ್ಟು ಹಸಿವಿತ್ತು ಎಂಬುದರ ಮೇಲೆ ರೋಗಲಕ್ಷಣ!

ಕಿಡಿ ಬರಲಿಲ್ಲವೆಂದರೆ ಸೀದಾ ಅಂಗಡಿಗೆ ಓಡಿ ಹೊಸ ಸಿಡಿಐ ತರುವವರಿದ್ದಾರೆ. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದ ಹಾಗೆ. ದುಡ್ಡು ಹೋಗುವುದಂತೂ ಸರಿಯೇ, ಆ ಡಬ್ಬಿಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದೂ ಅಪರೂಪ. ನಾನು ಮೊದಲು ಮಾಡುವುದು, ಎಂಜಿನ್ನಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಕಿಲ್ ವೈರಿನ ಪ್ಲಗ್ಗು ಕಳಚಿ ಹಗ್ಗ ಜಗ್ಗುವುದು. ಈಗ ಕಿಡಿ ಬಂತೋ, ಎಂಜಿನ್, ಸ್ಟೇಟರ್, ಕಾಯಿಲ್ ಎಲ್ಲ ನಿರಪರಾಧಿಗಳು. ಕಳ್ಳ ಹ್ಯಾಂಡಲ್ ಕಡೆಯಲ್ಲಿದ್ದಾನೆ. ಒಂದೇ ಏಟಿಗೆ ಅರ್ಧ ಬಂಡಿ ತನಿಖೆಯಿಂದ ಹೊರಗೆ.

ಎಡಕ್ಕೆ ತಿರುಗಿಸಿದರೆ ನಿಲ್ಲುತ್ತಿದ್ದ ಒಂದು ಬಂಡಿ ಹಾಗೆ ಬಂದಿತ್ತು, ಅದರದ್ದೂ ಇದೇ ಕಥೆ. ಕೀಲಿ ಆನ್ ಮಾಡಿ, ಕಳಚಿದ ವೈರಿಗೆ ಮಲ್ಟಿಮೀಟರಿನ ಒಂದು ಕಡ್ಡಿ, ಬಂಡಿಯ ಕಬ್ಬಿಣಕ್ಕೆ ಇನ್ನೊಂದು ಕಡ್ಡಿ ಹಿಡಿಸಿದೆ. ವೈರು ಕಬ್ಬಿಣಕ್ಕೆ ತಾಗಿದರೆ ಮೀಟರು ಕೂಗುತ್ತದೆ; ತಾಗದಿದ್ದರೆ ಸುಮ್ಮನಿರಬೇಕು, ಸುಮ್ಮನಿತ್ತು. ಹ್ಯಾಂಡಲನ್ನು ನಿಧಾನ ಬಲಕ್ಕೆ ತಿರುಗಿಸಿದೆ, ಮೌನ. ಎಡಕ್ಕೆ, ಇನ್ನೂ ಎಡಕ್ಕೆ, ಕೊನೆಯ ಬೆರಳಗಲದಲ್ಲಿ ಕುಂಯ್ ಎಂದಿತು. ಸ್ವಲ್ಪ ಹಿಂದಕ್ಕೆ ತಂದರೆ ಮತ್ತೆ ಮೌನ. ಆ ಸಂತೋಷಕ್ಕೆ ಅದನ್ನೇ ಆ ಕಡೆ ಈ ಕಡೆ ಆಡಿಸುತ್ತ ಕುಂತಿದ್ದೆ. ಒಳಗಿನಿಂದ ಹೆಂಡತಿ, “ರೀ, ಅದೇನದು ಕುಂಯ್ ಕುಂಯ್? ಊಟಕ್ಕೆ ಬರ್ತೀರೋ ಇಲ್ಲವೋ?” ಎಂದಳು.

ಊಟ ಕಾಯಬಹುದು. ಬೆರಳಿಂದ ವೈರಿನ ಕಟ್ಟನ್ನು ಸವರುತ್ತ ಸ್ಟೀರಿಂಗ್ ಕಂಬದುದ್ದಕ್ಕೂ ಇಳಿದೆ. ಕಂಬ ಹುಡ್ಡಿನ ಕೆಳಗೆ ಮರೆಯಾಗುವಲ್ಲಿ ವೈರುಗಳನ್ನು ಬಿಗಿದ ಪ್ಲಾಸ್ಟಿಕ್ ಪಟ್ಟಿ. ಎಡಕ್ಕೆ ತಿರುಗಿದಾಗ ಕಟ್ಟು ಜಗ್ಗಿ ಅಲ್ಲಿನ ತಗಡಿನ ಅಂಚಿಗೆ ಉಜ್ಜುತ್ತಿತ್ತು. ವೈರಿನ ಸಿಪ್ಪೆಯಲ್ಲಿ ಎಳ್ಳುಕಾಳಿನಷ್ಟು ಗಾಯ, ಒಳಗೆ ಹಸಿರುಗಟ್ಟಿದ ತಾಮ್ರ. ಈ ಸಲ ಇಲಿ ನಿರ್ದೋಷಿ.

ರಿಪೇರಿ ಹತ್ತು ನಿಮಿಷದ ಮಾತು. ಆದರೆ ಇನ್ಸುಲೇಷನ್ ಟೇಪು ಸುತ್ತುವುದಿಲ್ಲ; ಇಲ್ಲಿನ ಚಳಿಗೆ ಅದು ಸೆಟೆದು ಅಂಟು ಬಿಡುತ್ತದೆ. ಬೆಸುಗೆಯೂ ನನಗೆ ಒಗ್ಗದು. ಸೀಸವನ್ನು ಎಳೆಗಳು ಹೀರಿಕೊಂಡು ಗಡುಸಾಗಿ, ಸೀಸ ಮುಗಿಯುವ ಅಂಚಿನಲ್ಲೇ ಅದುರಾಟಕ್ಕೆ ವೈರು ಮುರಿಯುತ್ತದೆ. ಕೆಟ್ಟ ತುಂಡು ಕತ್ತರಿಸಿ, ಹೊಸ ತುಂಡನ್ನು ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಕೊಳವೆ ಏರಿಸಿ ಬಿಸಿಗಾಳಿ ಹಿಡಿದರೆ ಅದು ಮುದುಡಿ ವೈರನ್ನು ಅಪ್ಪಿಕೊಂಡು, ಎರಡೂ ತುದಿಯಲ್ಲಿ ಅಂಟಿನ ಸಣ್ಣ ಹನಿ ಉಕ್ಕುತ್ತದೆ. ಆ ಹನಿ ಕಂಡರೆ ನೀರಿನ ಭಯವಿಲ್ಲ. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಪಕ್ಕದ ಮನೆಯ ಯಜಮಾನರು ಬೆಸುಗೆಯ ಪಕ್ಷ. ನಮ್ಮ ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಕೆಲವು ಸಲ ವೈರಿನ ತಪ್ಪೇ ಇರುವುದಿಲ್ಲ. ಹೆಬ್ಬೆರಳಲ್ಲಿ ಒತ್ತುವ ಥ್ರಾಟಲ್ ಹಿಡಿಯೊಳಗೆ ಸುರಕ್ಷತೆಗೆಂದು ಒಂದು ಸ್ವಿಚ್ಚು ಇರುತ್ತದೆ. ಕಾರ್ಬ್ಯುರೇಟರ್ ಹಿಮಗಟ್ಟಿ ತೆರೆದೇ ಸಿಕ್ಕಿಕೊಂಡರೆ, ಕೈ ಬಿಟ್ಟಾಗ ಕೇಬಲ್ ಸಡಿಲವಾಗುತ್ತದೆ. ಆ ಸಡಿಲವನ್ನು ಕಂಡು ಸ್ವಿಚ್ಚು ಎಂಜಿನ್ ನಿಲ್ಲಿಸುತ್ತದೆ. ಹಳೆಯ ಕೇಬಲ್ ಸುಮ್ಮನೇ ಜೋತುಬಿದ್ದರೂ ಅದಕ್ಕೆ ಅದೇ ಗುಮಾನಿ. ಕೇಬಲ್ ಬಿಗಿ ಮಾಡಿದರೆ ಮುಗಿಯಿತು, ಆದರೆ ಅಷ್ಟರಲ್ಲಿ ಎಷ್ಟು ಜನ ವೈರಿಂಗನ್ನೆಲ್ಲ ಬಿಚ್ಚಿ ಹರಡಿರುತ್ತಾರೋ.

ದೀಪ ಮಂಕಾದರೆ ಓಡಿಸಬಹುದು, ಹ್ಯಾಂಡಲಿನ ಬಿಸಿ ಹೋದರೆ ಕಷ್ಟ. ಈ ರಾಜ್ಯದ ಟವರ್ ಎಂಬಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಷ್ಟಿಲ್ಲದಿದ್ದರೂ, ಮೈನಸ್ ಇಪ್ಪತ್ತೈದರ ಗಾಳಿಯಲ್ಲಿ ಬಲ ಹೆಬ್ಬೆರಳು ಮರಗಟ್ಟಿದರೆ ವಾಪಸು ಬರುವುದು ಕಷ್ಟ. ಥ್ರಾಟಲ್ ಒತ್ತಿದಾಗಲೆಲ್ಲ ಬಾಗುವ ವೈರು ಹೆಬ್ಬೆರಳನ್ನು ಬಿಸಿ ಮಾಡುವ ಹೀಟರಿಗೆ ಹೋಗುವುದೊಂದೇ, ಆದ್ದರಿಂದ ಮೊದಲು ಮುರಿಯುವುದೂ ಅದೇ.

ನಿನ್ನೆ ಪಕ್ಕದ ಮನೆಯವರ ಮಗ ಫೋನ್ ಮಾಡಿದ್ದ. ಥ್ರಾಟಲ್ ಅರ್ಧ ಒತ್ತಿದಾಗ ಹೆಬ್ಬೆರಳು ಬಿಸಿಯಾಗುತ್ತದಂತೆ, ಪೂರ್ತಿ ಒತ್ತಿದರೆ ತಣ್ಣಗಂತೆ. ಬೇಕಿದ್ದರೆ ತಾನೇ ಬಿಚ್ಚಿ ನೋಡಿಕೊಂಡು ತರುತ್ತೇನೆ ಎಂದ. ಏನನ್ನೂ ಮುಟ್ಟಬೇಡ ಮಾರಾಯ, ಕೆಟ್ಟದ್ದು ಕೆಟ್ಟ ಹಾಗೇ ಬರಲಿ ಎಂದು ಹೇಳಿದ್ದೇನೆ.