ಅಪ್ಪ-ಅಮ್ಮನ ದನಿಯಾದ ಮಗಳು

1996ರ ‘ಖಾಮೋಶಿ: ದಿ ಮ್ಯೂಸಿಕಲ್’ ಚಿತ್ರ ನೋಡಿದಾಗಲೆಲ್ಲ ಮನೀಷಾ ಕೊಯಿರಾಲಾ ನಟಿಸಿದ ಆ್ಯನಿಗಾಗಿ ಸಂಕಟವಾಗುತ್ತದೆ. ಗೋವಾದ ಬಡ ಮನೆ. ಅಪ್ಪ-ಅಮ್ಮ ಇಬ್ಬರಿಗೂ ಕಿವಿ ಕೇಳದು, ಮಾತು ಬಾರದು. ಅವರ ಪರವಾಗಿ ಊರಿನೊಂದಿಗೆ ಮಾತಾಡುವ ಹೊಣೆ ಚಿಕ್ಕಂದಿನಿಂದಲೇ ಮಗಳದು. ಅವಳಿಗೋ ಹಾಡಿನ ಹುಚ್ಚು. ಎಷ್ಟು ಚೆನ್ನಾಗಿ ಹಾಡಿದರೂ ಹೆತ್ತವರಿಗೆ ಕೇಳಿಸುವುದಿಲ್ಲ.

ಮಗಳ ಮೇಲಿನ ಅಪ್ಪನ ಸಿಟ್ಟನ್ನು ನಾನು ಬರೀ ಹಠ ಎನ್ನಲಾರೆ. ಮಗಳು ಹೊರಟುಬಿಟ್ಟರೆ ಜಗತ್ತಿನ ಜೊತೆಗಿನ ಮಾತೇ ನಿಂತೀತೆಂಬ ಭಯ ಅದು. ಅಪ್ಪ-ಅಮ್ಮನಾಗಿ ನಾನಾ ಪಾಟೇಕರ್, ಸೀಮಾ ಬಿಸ್ವಾಸ್ ಅದನ್ನು ಕೈ, ಕಣ್ಣುಗಳಲ್ಲೇ ಹೇಳುತ್ತಾರೆ.

ಸಂಜಯ್ ಲೀಲಾ ಬನ್ಸಾಲಿಯವರ ಮೊದಲ ಚಿತ್ರವಿದು; ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅವರು ಆಮೇಲಿನ ಚಿತ್ರಗಳಲ್ಲಿ ಕಟ್ಟಿದ ಅರಮನೆಗಳಿಗಿಂತ ನನಗೆ ಈ ಮನೆಯೇ ಹೆಚ್ಚು ಇಷ್ಟ.