ಪರದೆಯ ಹಿಂದಿನ ದುಡಿಮೆ

ದಾವಣಗೆರೆ ಎಂದೊಡನೆ ಹೊರಗಿನವರಿಗೆ ಬೆಣ್ಣೆದೋಸೆ ನೆನಪಾಗುತ್ತದೆ. ಸ್ವಲ್ಪ ವಯಸ್ಸಾದವರಾದರೆ ಹತ್ತಿ ಗಿರಣಿಗಳ ಮಾತು ತೆಗೆಯುತ್ತಾರೆ. ಈಗಿನ ಹುಡುಗರಿಗೆ ಇದು ಕಾಲೇಜುಗಳ ಊರು. ನಮ್ಮ ವಿನೋಬನಗರದಲ್ಲಿಯೇ ನೋಡಿ, ಹೊರಗಿನಿಂದ ಓದಲು ಬಂದ ಮಕ್ಕಳಿಗೆ ಮಹಡಿಯ ಮೇಲೊಂದು ಕೋಣೆ ಬಾಡಿಗೆ ಕೊಟ್ಟ ಮನೆಗಳು ಎಷ್ಟೋ ಇವೆ. ಆದರೆ ಈ ಊರಿಗೆ ಇನ್ನೊಂದು ಗುರುತೂ ಉಂಟು. ಅದು ಒಂದು ಮನೆತನದ ಹೆಸರು: ಚಿಂದೋಡಿ.

ಚಿಂದೋಡಿ ವೀರಪ್ಪನವರು ಹೆಸರಾಂತ ಗಾಯಕರು, ನಟರು. 1928ರಲ್ಲಿ ಅವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಕನ್ನಡ ವೃತ್ತಿರಂಗಭೂಮಿಯ ದೊಡ್ಡ ಹೆಸರುಗಳಲ್ಲಿ ಒಂದು. ಆ ಕಂಪನಿಯ ಪರದೆಗಳ ನಡುವೆಯೇ ಬೆಳೆದು, ಬಾಲ್ಯದಲ್ಲೇ ಬಣ್ಣ ಹಚ್ಚಿ, ಮುಂದೆ ಅದರ ಒಡತಿಯೂ ಆದವರು ವೀರಪ್ಪನವರ ಮಗಳು ಚಿಂದೋಡಿ ಲೀಲಾ. ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ನಾಟಕಗಳ ಹೆಸರು ಹೇಳಿದರೆ ಮಧ್ಯ ಕರ್ನಾಟಕ, ಉತ್ತರ ಕರ್ನಾಟಕದ ಹಿರಿಯರ ಮುಖ ಇವತ್ತಿಗೂ ಅರಳುತ್ತದೆ.

ನಮ್ಮ ಅವ್ವ ಅಂಥ ಹಿರಿಯರಲ್ಲಿ ಒಬ್ಬಳು. ಅವಳಿಗೀಗ ಎಪ್ಪತ್ತೆಂಟು. ಬೆಳಿಗ್ಗೆ ತಿಂದ ಮಾತ್ರೆ ಮಧ್ಯಾಹ್ನಕ್ಕೆ ಮರೆತುಹೋಗುತ್ತದೆ, ಆದರೆ ಹರೆಯದಲ್ಲಿ ನೋಡಿದ ನಾಟಕ ಮರೆತಿಲ್ಲ. “ಹಿಂದಿನ ಸಾಲಿನಾಗ ಚಾಪಿ ಮ್ಯಾಲೆ ಕುಂತಿದ್ವಿ. ಆಕಿ ಮಾತು ನಮ್ಮ ಕಿವಿಯಾಗ ಹೇಳಿದಂಗ ಕೇಳಿಸ್ತಿತ್ತು” ಎಂದು ಎಷ್ಟು ಸಲ ಹೇಳಿದ್ದಾಳೋ. ನಾಟಕಕ್ಕೆ ಹೋಗಬೇಕಾದರೆ ಆಗಿನ ಹೆಣ್ಣುಮಕ್ಕಳು ಪಡುತ್ತಿದ್ದ ಪಾಡನ್ನೂ ಅವಳೇ ಹೇಳಬೇಕು. ರೊಟ್ಟಿ ಬಡಿದಿಟ್ಟು, ಮಕ್ಕಳನ್ನು ಮಲಗಿಸಿ, ಅತ್ತೆಯ ಒಪ್ಪಿಗೆ ಪಡೆದು, ನಾಲ್ಕು ಜನ ನೆರೆಯವರ ಜೊತೆಗೂಡಿ ಹೊರಡಬೇಕು. ಟಿಕೆಟ್ಟಿನ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ವಾರಗಟ್ಟಲೆ ಕೂಡಿಟ್ಟಿರಬೇಕು.

ವಿಚಿತ್ರವೆಂದರೆ, ಅಷ್ಟು ಆಸೆಯಿಂದ ನಾಟಕ ನೋಡುತ್ತಿದ್ದ ಜನವೇ ನಾಟಕದ ಹೆಣ್ಣುಮಕ್ಕಳನ್ನು ಮನೆಯೊಳಗೆ ಕರೆಯಲು ಹಿಂಜರಿಯುತ್ತಿದ್ದರು. ‘ನಾಟಕದವರು’ ಎಂಬ ಮಾತನ್ನು ಆಗ ಆಡುತ್ತಿದ್ದ ರೀತಿಯೇ ಬೇರೆ. ಕನ್ನಡ ವೃತ್ತಿರಂಗಭೂಮಿಯ ಆರಂಭದ ದಿನಗಳಲ್ಲಿ ಸ್ತ್ರೀ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದುದು ನಿಮಗೆ ಗೊತ್ತಿರಬಹುದು. ಗುಬ್ಬಿ ವೀರಣ್ಣನವರ ಕಂಪನಿಯಂಥ ಸಂಸ್ಥೆಗಳಲ್ಲಿ ನಟಿಯರು ಹೆಸರು ಮಾಡಿದ ಮೇಲೂ ಸಮಾಜದ ಅನುಮಾನ ಬೇಗ ಕರಗಲಿಲ್ಲ. ಚಪ್ಪಾಳೆಗೆ ಬೇಕು, ನೆಂಟಸ್ತಿಕೆಗೆ ಬೇಡ ಎಂಬ ಲೆಕ್ಕ. ಅಂಥ ಕಾಲದಲ್ಲಿ ಒಬ್ಬ ಹೆಣ್ಣುಮಗಳು ತನ್ನ ಹೆಸರಿನಿಂದಲೇ ಊರೂರಲ್ಲಿ ಗುರುತಾಗುವುದು, ಕಂಪನಿಯ ಹೊಣೆ ಹೊತ್ತು ನಡೆಸುವುದು ಸಣ್ಣ ಮಾತಲ್ಲ.

ಕಂಪನಿ ನಡೆಸುವುದೆಂದರೆ ಏನೆಂದು ಇಂದಿನ ವಿದ್ಯಾರ್ಥಿಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ಜನ ಬರುವವರೆಗೂ ಅಲ್ಲೇ ಮೊಕ್ಕಾಂ. ತಗಡು, ಬಿದಿರು, ಬೊಂಬುಗಳ ಥಿಯೇಟರನ್ನು ಅಲ್ಲೇ ಕಟ್ಟಬೇಕು, ಮುಂದಿನ ಊರಿಗೆ ಹೊರಡುವಾಗ ಬಿಚ್ಚಬೇಕು. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ, ಉಡುಪಿನ ಪೆಟ್ಟಿಗೆಗಳು, ಹಾರ್ಮೋನಿಯಂ, ತಬಲಾ ಎಲ್ಲವೂ ಲಾರಿಯಲ್ಲಿ. ನಟರು, ವಾದ್ಯದವರು, ಬಣ್ಣದವರು, ಅಡುಗೆಯವರು, ಗೇಟಿನಲ್ಲಿ ನಿಲ್ಲುವವರು ಮತ್ತು ಅವರ ಹೆಂಡತಿ ಮಕ್ಕಳು ಸೇರಿ ಒಂದು ಪುಟ್ಟ ಊರೇ ಸಂಚರಿಸಿದ ಹಾಗೆ. ಆ ಊರಿನ ಅನ್ನವೆಲ್ಲ ರಾತ್ರಿಯ ಗಲ್ಲಾಪೆಟ್ಟಿಗೆಯಿಂದ ಬರಬೇಕು. ಒಂದು ವಾರ ಮಳೆ ಹಿಡಿದರೆ, ಊರಲ್ಲೊಂದು ಗಲಾಟೆಯಾದರೆ, ಪಕ್ಕದ ಟಾಕೀಸಿಗೆ ರಾಜ್‌ಕುಮಾರ್ ಅವರ ಹೊಸ ಸಿನಿಮಾ ಬಂದರೆ ಗಲ್ಲಾ ಖಾಲಿ. ಆದರೂ ನಾಟಕ ನಿಲ್ಲಿಸುವಂತಿಲ್ಲ. ನಿನ್ನೆ ಅತ್ತ ಜಾಗದಲ್ಲೇ ಇವತ್ತೂ ಅಳಬೇಕು, ನಿನ್ನೆ ನಕ್ಕ ಜಾಗದಲ್ಲೇ ಇವತ್ತೂ ನಗಬೇಕು. ಆದರೆ ನೋಡುವವನಿಗೆ ಅದು ಇವತ್ತೇ ಹುಟ್ಟಿದ್ದು ಅನ್ನಿಸಬೇಕು.

ಲೀಲಾ ಅವರು ಬೆಳ್ಳಿತೆರೆಗೂ ಹೋದರು. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961), ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಮುಂತಾದ ಚಿತ್ರಗಳಲ್ಲಿ ಪೋಷಕ ಪಾತ್ರ ಮಾಡಿದರು. ರಂಗದ ಮೇಲೆ ಕೊನೆಯ ಚಾಪೆಯವರೆಗೆ ಧ್ವನಿ ಎಸೆಯಬೇಕು, ಕ್ಯಾಮರಾದ ಮುಂದೆ ಹುಬ್ಬು ಅಲುಗಿದರೆ ಸಾಕು. ಎರಡಕ್ಕೂ ಬೇರೆ ಬೇರೆ ಹದ. ಈ ಹದ ಬಲ್ಲವರು ಸಿನಿಮಾದಲ್ಲಿಯೇ ನೆಲೆ ನಿಂತ ಉದಾಹರಣೆಗಳು ಬಹಳ. ನಮ್ಮ ಚಿತ್ರರಂಗದ ಮೊದಲ ತಲೆಮಾರಿನ ದೊಡ್ಡ ನಟರಲ್ಲಿ ಅನೇಕರು ನಾಟಕ ಕಂಪನಿಗಳಿಂದಲೇ ಹೋದವರಲ್ಲವೇ? ಲೀಲಾ ಅವರು ಮಾತ್ರ ಕಂಪನಿಯ ಕೈ ಬಿಡಲಿಲ್ಲ.

‘ಶರಪಂಜರ’ದ ನಾಯಕಿ ಕಲ್ಪನಾ. ತ್ರಿವೇಣಿಯವರ ಕಾದಂಬರಿಯ ಕಾವೇರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ಉಳಿದ ಆ ಮಹಾನಟಿ ಕೊನೆಯ ದಿನಗಳಲ್ಲಿ ವೃತ್ತಿ ಕಂಪನಿಯೊಂದರ ಜೊತೆ ಉತ್ತರ ಕರ್ನಾಟಕದ ಊರುಗಳಲ್ಲಿ ನಾಟಕವಾಡುತ್ತಿದ್ದರು. 1979ರಲ್ಲಿ ತೀರಿಕೊಂಡರು. ಒಂದೇ ಚಿತ್ರದಲ್ಲಿ ನಟಿಸಿದ ಇಬ್ಬರ ದಾರಿಗಳು ಇವು. ಯಾರ ಪ್ರತಿಭೆ ದೊಡ್ಡದು ಎಂದು ತೂಗುವುದಕ್ಕೆ ಇದನ್ನು ಹೇಳುತ್ತಿಲ್ಲ. ತೆರೆಯ ಬೆಳಕು ತಾನಾಗಿ ಯಾರನ್ನೂ ಕಾಯುವುದಿಲ್ಲ ಎಂಬುದಷ್ಟೇ ಮಾತು. ಸುತ್ತ ನಾಲ್ಕು ಜನರಿರಬೇಕು, ಬೆಳಿಗ್ಗೆ ಎದ್ದರೆ ಮಾಡಲು ಕೆಲಸವಿರಬೇಕು. ಲೀಲಾ ಅವರಿಗೆ ಆ ಕೆಲಸವನ್ನೂ ಜನರನ್ನೂ ಕಂಪನಿ ಕೊಟ್ಟಿತು.

1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾನಾಗ ಹೈಸ್ಕೂಲಿನಲ್ಲಿದ್ದೆ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು, ಜಿಲ್ಲೆಯಾದದ್ದು 1997ರಲ್ಲಿ. ಸುದ್ದಿಯನ್ನು ಶಾಲೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಅವತ್ತು ಸಂಜೆ ಅವ್ವ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದಳು. “ಯಾರ ಹುಟ್ಟುಹಬ್ಬ?” ಎಂದು ಅಪ್ಪ ಕೇಳಿದರೆ, “ನಮ್ಮೂರ ಹುಡುಗೀದು” ಎಂದಳು. ಮುಂದೆ ಲೀಲಾ ಅವರು ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷ ಸ್ಥಾನದಲ್ಲಿಯೂ ಕೆಲಸ ಮಾಡಿದರು.

ಇದೇ ಮನೆತನದ ಹೆಸರಿನೊಂದಿಗೆ ಕೂಡಿಕೊಂಡ ಇನ್ನೊಂದು ಸಾಧನೆ, 1995ರ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚಿತ್ರ. ನಿರ್ದೇಶಿಸಿದವರು ಚಿಂದೋಡಿ ಬಂಗಾರೇಶ್. ಅದರ ಸಂಗೀತಕ್ಕೆ ಹಂಸಲೇಖ ಅವರಿಗೆ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂದವು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಗವಾಯಿಗಳ ಕಥೆಗೂ ನಾಟಕಕ್ಕೂ ನಂಟಿದೆ. ಆ ಆಶ್ರಮದ ಆಶ್ರಯದಲ್ಲಿಯೂ ಒಂದು ನಾಟಕ ಕಂಪನಿ ನಡೆಯಿತು. ನಾಟಕದ ಗಳಿಕೆಯಲ್ಲಿ ಅನ್ನದಾನ, ವಿದ್ಯಾದಾನ ನಡೆದ ನಾಡು ನಮ್ಮದು.

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ಮಗಳು. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿರುವ ಅವಳು ಪದವಿ ಮುಗಿದ ಮೇಲೆ ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆಯುತ್ತೇನೆ ಎಂದು ಯುಗಾದಿಯ ಮರುದಿನ ಹೇಳಿದಳು. ಮನೆಯವರು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. “ಎಂ.ಎಸ್‌ಸಿ., ಬಿ.ಎಡ್. ಮಾಡಿ ಒಂದು ಕೆಲಸ ಹಿಡಿಯಲಿ, ಆಮೇಲೆ ಹವ್ಯಾಸಕ್ಕೆ ನಾಟಕ ಮಾಡಿಕೊಳ್ಳಲಿ” ಎಂಬುದು ಅವರ ವಾದ. ಅದರಲ್ಲಿ ತಪ್ಪೇನೂ ಇಲ್ಲ. ಅವರ ತಂದೆ ಗಿರಣಿ ಕಾರ್ಮಿಕರಾಗಿದ್ದವರು. ಗಿರಣಿ ಮುಚ್ಚಿದಾಗ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂಬುದನ್ನು ಕಂಡ ಮಗ ನಿಶ್ಚಿತ ಸಂಬಳದ ಮಾತಾಡದೆ ಇನ್ನೇನು ಆಡಬೇಕು? ಎರಡು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಪ್ಪ ಮಗಳಿಬ್ಬರೂ ನನ್ನ ಮೂಲಕವೇ ಉಪ್ಪು, ಉಪ್ಪಿನಕಾಯಿ ಕೇಳುತ್ತಿದ್ದರು.

ಗಂಟು ಬಿಚ್ಚಿದವಳು ಅವ್ವ. ಮೊಮ್ಮಗಳ ಪರ ವಹಿಸುತ್ತಾಳೆ ಎಂದುಕೊಂಡಿದ್ದೆವು. ಅವಳು ಹಾಗೆ ಮಾಡಲಿಲ್ಲ, ಹುಡುಗಿಯನ್ನೇ ಪ್ರಶ್ನಿಸಿದಳು. “ನಿನಗ ನಾಟಕ ಬೇಕೋ, ನಾಟಕದಾಗ ಬರೋ ಹೆಸರು ಬೇಕೋ? ಮಳಿ ಹೊಡೀತಿರ್ತದ, ಮುಂದ ಇಪ್ಪತ್ತು ಮಂದಿ ಕುಂತಿರ್ತಾರ. ಆ ಇಪ್ಪತ್ತು ಮಂದಿಗೆ ಪೂರಾ ನಾಟಕ ಆಡ್ತೀಯೇನು? ನಾಳೆ? ನಾಡಿದ್ದು?”

ಮಗಳು ಕೂಡಲೇ ಉತ್ತರಿಸಲಿಲ್ಲ. ಅದೇ ನನಗೆ ಮೆಚ್ಚಿಗೆಯಾಯಿತು. ಎರಡು ದಿನ ಬಿಟ್ಟು ಅಪ್ಪನ ಮುಂದೆ ಒಂದು ಹಾಳೆ ಇಟ್ಟಳು. ಮೊದಲು ಪದವಿ ಮುಗಿಸುವುದು. ಅಲ್ಲಿಯವರೆಗೆ ಊರಿನ ಹವ್ಯಾಸಿ ತಂಡದ ತಾಲೀಮಿಗೆ ಒಂದು ದಿನವೂ ತಪ್ಪದೆ ಹೋಗುವುದು. ಪಾತ್ರ ಸಿಗದಿದ್ದರೆ ಪರದೆ ಎಳೆಯುವುದು, ಉಡುಪು ಇಸ್ತ್ರಿ ಮಾಡುವುದು. ವರ್ಷದ ಕೊನೆಗೂ ಮನಸ್ಸು ಹೀಗೇ ಇದ್ದರೆ ಅರ್ಜಿ ಹಾಕುವುದು. ಕಲಿತು ಬಂದವರಿಗೆ ಶಾಲೆಗಳಲ್ಲಿ ನಾಟಕ ಕಲಿಸುವ ಕೆಲಸ, ಸಾಣೇಹಳ್ಳಿಯ ಶಿವಸಂಚಾರ, ಮೈಸೂರಿನ ರಂಗಾಯಣದಂಥ ತಂಡಗಳು ಇವೆ ಎಂದೂ ಬರೆದಿದ್ದಳು. ಮನೆಯವರು ಎರಡು ಸಲ ಓದಿ, “ಇಸ್ತ್ರಿ ಮೊದಲು ಮನೆಯಲ್ಲೇ ಶುರುವಾಗಲಿ” ಎಂದರು. ನಮ್ಮ ಮನೆಯಲ್ಲಿ ಅದು ಒಪ್ಪಿಗೆಯ ಮಾತು.

ಆ ವರ್ಷ ಇನ್ನೂ ನಡೆಯುತ್ತಿದೆ. ಮಗಳು ನಟಿಯಾಗುತ್ತಾಳೋ, ನಾಟಕ ಕಲಿಸುವ ಟೀಚರ್ ಆಗುತ್ತಾಳೋ, ಮನಸ್ಸು ಬದಲಿಸಿ ಎಂ.ಎಸ್‌ಸಿ.ಗೆ ಹೋಗುತ್ತಾಳೋ, ಕಾದು ನೋಡಬೇಕು. ಸದ್ಯಕ್ಕೆ ಮೂರು ನಾಟಕಗಳಿಗೆ ಪರದೆ ಎಳೆದಿದ್ದಾಳೆ, ಒಂದರಲ್ಲಿ ಎರಡೇ ಮಾತಿನ ಮುದುಕಿಯ ಪಾತ್ರ ಸಿಕ್ಕಿದೆ. ಆ ಎರಡು ಮಾತನ್ನು ಹಿತ್ತಲಿನಲ್ಲಿ ನಿಂತು ಇನ್ನೂರು ಸಲ ಹೇಳಿರಬೇಕು.

ಲೀಲಾ ಅವರು 2010ರ ಜನವರಿಯಲ್ಲಿ ತೀರಿಕೊಂಡರು. ಪದ್ಮಶ್ರೀ ಮಕ್ಕಳಿಗೆ ತೋರಿಸಲು ಸುಲಭ, ಅದು ಕಣ್ಣಿಗೆ ಕಾಣುತ್ತದೆ. ಖಾಲಿ ಕುರ್ಚಿಗಳ ಮುಂದೆ ಆಡಿದ ರಾತ್ರಿಗಳು ಕಾಣುವುದಿಲ್ಲ. ಮಗನೋ ಮಗಳೋ ನಾಟಕ, ಸಿನಿಮಾ ಎಂದಾಗ ತಂದೆತಾಯಂದಿರು ಕೂಡಲೇ ಬೇಡ ಎನ್ನಬೇಕಾಗಿಲ್ಲ, ಹಿಗ್ಗಿ ಬೆನ್ನು ತಟ್ಟಬೇಕಾಗಿಯೂ ಇಲ್ಲ. ನಮ್ಮ ಅವ್ವನ ಪ್ರಶ್ನೆಯನ್ನು ಕೇಳಿ, ಉತ್ತರಕ್ಕೆ ಎರಡು ದಿನ ಬಿಡುವು ಕೊಟ್ಟರೆ ಸಾಕು.