ಪ್ರೆಸ್ಸಿನ ಮನೆ

ಲಕ್ಷ್ಮೇಶ್ವರ-ಶಿರಹಟ್ಟಿಗಳ ಬಂಡಿಗಳು ಮುಳಗುಂದದ ದಾರಿಯಿಂದಲೂ ಮುಂಡರಗಿಯವು ಡಂಬಳದ ದಾರಿಯಿಂದಲೂ ಎರೆನೆಲದ ಹತ್ತಿಯನ್ನು ಹೇರಿಕೊಂಡು ಗದಗಿನ ಪೇಟೆಗೆ ಬಂದಿಳಿಯುತ್ತಿದ್ದ ಆ ಕಾಲದಲ್ಲಿ, ನಮ್ಮ ತಂದೆಯವರು ಕಾರಕೂನರಾಗಿದ್ದ ಗಿರಣಿಯ ಪ್ರೆಸ್ಸಿನ ಮನೆಯೇ ನನ್ನ ಬಾಲ್ಯದ ಮೊದಲ ವಿಸ್ಮಯವಾಗಿದ್ದಿತು. ಜಿನ್ನಿನಲ್ಲಿ ಕಾಳು ಕಳೆದುಕೊಂಡ ಅರಳೆಯನ್ನು ಹಮಾಲರು ಪೆಟ್ಟಿಗೆಯೊಳಗಿಳಿದು ತುಳಿಯುವರು. ಬಾಗಿಲು ಬಿಗಿದೊಡನೆ ನೆಲದಡಿಯಿಂದ ಕಂಬದಂತಹ ಉಕ್ಕಿನ ದಂಡವು ಮೇಲೇರಿ, ಆಳೆತ್ತರದ ಅರಳೆಯನ್ನು ಹಿಂಡಿ ಹಿಡಿಯುವುದು. ಕಬ್ಬಿಣದ ಪಟ್ಟಿ ಬಿಗಿದರೆ ಅಂಡಿಗೆ ಸಿದ್ಧ. ಇಷ್ಟೆಲ್ಲ ಬಲವು ನೀರಿನದೆಂದು ತಂದೆಯವರು ಹೇಳಿದಾಗ ನಾನು ನಂಬಿರಲಿಲ್ಲ.

1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಆಂಗ್ಲ ಯಂತ್ರಶಿಲ್ಪಿಯು ಹಕ್ಕುಪತ್ರ ಪಡೆದ ಉಪಾಯವದು. ಪಂಪು ಚದರ ಅಂಗುಲಕ್ಕೆ 3000 ಪೌಂಡಿನ ಒತ್ತಡವನ್ನು ಹುಟ್ಟಿಸಿದರೆ, 10 ಅಂಗುಲ ವ್ಯಾಸದ ದಂಡವು ನೂರು ಟನ್ನಿಗೂ ಮಿಕ್ಕ ಭಾರದಿಂದ ಒತ್ತುವುದು. ಲಿವರ್‌ಪೂಲಿನ ಫಾಸೆಟ್ ಪ್ರೆಸ್ಟನ್, ಮ್ಯಾಂಚೆಸ್ಟರ್ ಬಳಿಯ ನ್ಯಾಸ್ಮಿತ್ ವಿಲ್ಸನ್ ಮೊದಲಾದ ಕಾರ್ಖಾನೆಗಳು ಇಂತಹ ಯಂತ್ರಗಳನ್ನು ನಿರ್ಮಿಸುತ್ತಿದ್ದವು. ನಮ್ಮ ಗಿರಣಿಯ ಪ್ರೆಸ್ಸೂ ವಿಲಾಯತಿಯೇ. ದಸರೆಯ ಪೂಜೆಯಲ್ಲಿ ಅದರ ಹಿತ್ತಾಳೆಯ ಫಲಕಕ್ಕೆ ಕುಂಕುಮವಿಡುತ್ತಿದ್ದರು. ಫಿಟ್ಟರ ಅಜ್ಜನಿಗೆ ಮಾತ್ರ ಆ ಫಲಕದಲ್ಲಿ ಭಕ್ತಿಯಿರಲಿಲ್ಲ. “ತಮ್ಮಾ, ಊರ ಹೆಸರು ಓದಿ ಏನ ಮಾಡ್ತಿ? ಅಂಕಿ ಓದು,” ಎನ್ನುತ್ತಿದ್ದ.

ಆತನು ಎಮ್ಮೆಯ ಚರ್ಮವನ್ನು ಎಣ್ಣೆಯಲ್ಲಿ ನೆನೆಯಿಸಿ, ಮರದ ಅಚ್ಚಿನಲ್ಲಿ ಬಟ್ಟಲಿನಾಕಾರಕ್ಕೆ ಬಗ್ಗಿಸಿ, ದಂಡದ ಸುತ್ತಲಿನ ವಾಶರನ್ನು ತಾನೇ ಮಾಡುತ್ತಿದ್ದ. ಒತ್ತಡವೇರಿದಷ್ಟೂ ಆ ಬಟ್ಟಲಿನ ಅಂಚು ಉಕ್ಕಿಗೆ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದನ್ನು ಬೆರಳಿನಿಂದ ಒತ್ತಿ ತೋರಿಸಿದ್ದ. ನಮ್ಮ ಬೆಟಗೇರಿಯ ಆ ಚರ್ಮ ವಿಲಾಯತಿಯ ಚರ್ಮಕ್ಕೆ ಎಂದೂ ಸೋಲಲಿಲ್ಲ.

ಸೋತದ್ದು ಒಂದು ಮೊಣಕೈ ಪೈಪು. ಆತನು ರಜೆಯಲ್ಲಿದ್ದಾಗ ಯಾರೋ ಬಾವಿಯ ಪಂಪಿಗೆ ಬಳಸುವ ಬೀಡುಕಬ್ಬಿಣದ ತುಂಡನ್ನು ಪೇಟೆಯಿಂದ ತಂದು ಜೋಡಿಸಿದರು. ಅದರ ಮೇಲೆ ಕಾರ್ಖಾನೆಯ ಹೆಸರು ದಪ್ಪಕ್ಷರದಲ್ಲಿದ್ದಿತು, ಒತ್ತಡದ ಅಂಕಿಯಿರಲಿಲ್ಲ. ಮೂರನೆಯ ಅಂಡಿಗೆಗೆ ಅದು ಸಿಡಿದು, ಎದುರುಗೋಡೆಯ ಗಾರೆಯು ಅಂಗೈಯಗಲ ಉದುರಿತು. ನೀರು ಆವಿಯಂತೆ ಕುಗ್ಗಿ ಬಲವನ್ನು ಕೂಡಿಟ್ಟುಕೊಳ್ಳುವುದಿಲ್ಲವಾದ್ದರಿಂದ ಒತ್ತಡವು ಆ ಕ್ಷಣವೇ ಇಳಿದುಹೋಯಿತು. ಇದ್ದದ್ದು ಆವಿಯಾಗಿದ್ದರೆ ಈ ಲೇಖನದ ಧಾಟಿಯೇ ಬೇರೆಯಾಗುತ್ತಿದ್ದಿತು. ಸರಪಳಿಯಂತೆ ಈ ಯಂತ್ರದ ಬಲವೂ ಅದರ ಅತ್ಯಂತ ಬಡಪಾಯಿ ಅವಯವದಷ್ಟೇ ಎಂಬುದು ಮಾಲೀಕರಿಗೆ ಅಂದು ತಿಳಿಯಿತು.

ಕಾಲಾಂತರದಲ್ಲಿ ಉಗಿಯಂತ್ರ ಹೋಗಿ ವಿದ್ಯುತ್ತು ಬಂದಿತು, ನೀರು ಹೋಗಿ ಎಣ್ಣೆ ಬಂದಿತು. ಹತ್ತಿಯೂ ಬದಲಾಯಿತು: ಧಾರವಾಡದಲ್ಲಿ ತಳಿವಿಜ್ಞಾನಿ ಕಟಾರ್ಕಿಯವರು ರೂಪಿಸಿದ ವರಲಕ್ಷ್ಮೀ ಎಂಬ ಸಂಕರ ತಳಿಯು 1972ರ ತರುವಾಯ ನೀಳವಾದ ಎಳೆಯನ್ನು ತಂದಿತು. 2000ದಲ್ಲಿ ಆರಂಭವಾದ ಕೇಂದ್ರದ ಹತ್ತಿ ತಂತ್ರಜ್ಞಾನ ಯೋಜನೆಯ ಅನಂತರ ನಾನು ಕಂಡ ಹೊಸ ಪ್ರೆಸ್ಸು 170 ಕಿಲೋದ ಅಂಡಿಗೆಯನ್ನು ಕೆಲವೇ ನಿಮಿಷಗಳಲ್ಲಿ ಕಟ್ಟಿ ಹೊರದೂಡುತ್ತಿದ್ದಿತು. ಅದರ ಚೌಕಟ್ಟು ನಾಗಪುರದ್ದು, ಪಂಪು ಇನ್ನೆಲ್ಲಿಯದೋ, ಕವಾಟ ಪರದೇಶದ್ದು. ಈಗ ಕುಂಕುಮವಿಡಲು ಒಂದು ಊರೇ ಇಲ್ಲ. ರಬ್ಬರಿನ ಕೊಳವೆಯ ಮೈಮೇಲೆ ಮಾತ್ರ 210 ಬಾರ್ ಎಂದು ಸಣ್ಣದಾಗಿ ಅಚ್ಚಾಗಿದ್ದಿತು, ಅಂದರೆ ಹೆಚ್ಚು ಕಡಿಮೆ ಅದೇ ಹಳೆಯ 3000 ಪೌಂಡು. ನೀರಿಗಿಂತ ಈ ಎಣ್ಣೆಯ ಭಯ ಹೆಚ್ಚು: ಸೂಜಿಯಷ್ಟು ತೂತಿನಿಂದ ಚಿಮ್ಮಿದರೂ ಚರ್ಮವನ್ನು ಭೇದಿಸಿ ಒಳಹೋಗುವುದು.

ಕಳೆದ ದೀಪಾವಳಿಗೆ ಹೋದಾಗ ಆ ಕೊಳವೆಯನ್ನೂ ಸೇರಿಸಿ ಇಡಿಯ ಯಂತ್ರಕ್ಕೆ ಹಸಿರು ಬಣ್ಣ ಬಳಿದಿದ್ದರು. ಗಿರಣಿಯ ಮಾಲೀಕರಲ್ಲಿ ನನ್ನ ವಿನಂತಿಯಿಷ್ಟೇ: ಮುಂದಿನ ಸಲ ಆ ಅಂಕಿಯ ಸಾಲನ್ನು ಬಿಟ್ಟು ಬಳಿಸಿರಿ.